ಎರಡನೇ ದನಿಯ ಮನೆ

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮಾತು ನೆಟ್ಟಗೆ ಬರುವ ಮೊದಲೇ ಎರಡನೇ ದನಿ ಬರಬೇಕಿತ್ತು. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ನಗಲಿ. ನಮ್ಮ ಗಣಿಯೂರು ಬ್ರಿನ್ ಗರೆಗ್‌ನಲ್ಲಿ ಹುಟ್ಟಿದವರು ನಗುವುದಿಲ್ಲ. ಹಾಗೆ ಇಲ್ಲೇ ಹುಟ್ಟಿ ಇಲ್ಲೇ ಉಳಿದವರು ಈಗ ಬೆರಳೆಣಿಕೆಯಷ್ಟು.

ಊರಿನ ಪ್ರಾರ್ಥನಾಮಂದಿರ ಚಾಪೆಲಿನಲ್ಲಿ ನಾವು ಹಾಡುತ್ತಿದ್ದುದು ನಾಲ್ಕು ದನಿಯಲ್ಲಿ. ರಾಗ ಇರುವುದು ಮೊದಲ ದನಿಯಲ್ಲಿ. ಅದು ಎಳೆಯ ಹುಡುಗಿಯರದು, ಎತ್ತರದ ಕಂಠದ ಹೆಂಗಸರದು. ಎರಡನೆಯದು ನಮ್ಮಂಥ ದಪ್ಪ ಕಂಠದ ಹೆಂಗಸರದು. ಮೂರು, ನಾಲ್ಕು ಗಂಡಸರದು. ಒಂದು ದನಿ ಏರುವಾಗ ಇನ್ನೊಂದು ನಿಂತಲ್ಲೇ ನಿಂತಿರುತ್ತದೆ, ಮತ್ತೊಂದು ಇಳಿಯುತ್ತದೆ. ನಾಲ್ಕೂ ಒಟ್ಟಿಗೆ ಕಿವಿಗೆ ಬಿದ್ದಾಗಲೇ ಅದು ಹಾಡು. ಯಾವ ಬೆಂಚು ಯಾವ ಮನೆಯದು ಎನ್ನುವಷ್ಟೇ ಖಚಿತವಾಗಿ ಯಾವ ಮನೆಯವರು ಯಾವ ದನಿ ಎನ್ನುವುದೂ ಊರಿಗೆ ಗೊತ್ತಿತ್ತು. ನಾವು ಎರಡು. ಅಮ್ಮ, ಅಮ್ಮನ ಅಮ್ಮ, ಅವಳ ಅಕ್ಕತಂಗಿಯರು, ಎಲ್ಲರೂ ಎರಡು.

"ರಾಗ ಹಾಡೋದೇನ್ ಮಹಾ? ಕುರಿ ಕಾಯೋ ಹುಡುಗ್ರೂ ಶಿಳ್ಳೆ ಹಾಕ್ತಾರೆ," ಎನ್ನುತ್ತಿದ್ದಳು ಅಮ್ಮ. "ಎರಡನೇ ದನಿಗೆ ತಲೆ ಬೇಕು ಕಣ್ರೇ, ತಲೆ."

ಅಂಥ ಮನೆಯಲ್ಲಿ ನನ್ನ ಅಕ್ಕ ಲೂನೆಡ್ ಹುಟ್ಟಿದಳು. ಅವಳ ಕಂಠ ಯಾರಿಂದ ಬಂತೋ ದೇವರಿಗೇ ಗೊತ್ತು. ಚಾಪೆಲಿನಲ್ಲಿ ಹಾಡು ಎತ್ತಿಕೊಡುತ್ತಿದ್ದ ಹಿರಿಯರು ಒಂದು ಭಾನುವಾರ ಅವಳ ಕೈ ಹಿಡಿದು ನಮ್ಮ ಬೆಂಚಿನಿಂದ ಎಬ್ಬಿಸಿ, ಎದುರುಗಡೆ ಮೊದಲ ದನಿಯವರ ಸಾಲಿನಲ್ಲಿ ಕೂರಿಸಿಬಿಟ್ಟರು. ಅಮ್ಮ ಎಷ್ಟೋ ದಿನ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಲೂನೆಡ್ ಬಾಯಿ ತೆರೆದಾಗೆಲ್ಲ ಅಮ್ಮನ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಅಮ್ಮನ ಪಕ್ಕದಲ್ಲಿ ನಾನೊಬ್ಬಳೇ ಉಳಿದೆ. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಪ್ಪ ಗಣಿಯ ಶೆಡ್ಡಿನಲ್ಲಿ ಮನೆಯ ಮಾಡಿಗೆ ಹೊದಿಸುವ ಸ್ಲೇಟುಕಲ್ಲು ಸೀಳುವವನು. ದಪ್ಪ ಕಲ್ಲಿನ ಅಂಚಿಗೆ ಅಗಲವಾದ ಉಳಿ ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅದರ ಧೂಳು ಅವನ ಹುಬ್ಬಿನಲ್ಲಿ, ಬುತ್ತಿಯ ಡಬ್ಬಿಯಲ್ಲಿ, ಕೊನೆಗೆ ಎದೆಗೂಡಿನಲ್ಲಿ. ಸೋಮವಾರ ಅವನ ಬಟ್ಟೆ ಒಗೆದ ನೀರು ಬೂದಿ ಕಲಸಿದ ಹಾಗಿರುತ್ತಿತ್ತು. ಅಂದು ಸಂಜೆ ಒಣಗಿದ ಹಾಸಿಗೆ ಬಟ್ಟೆಯ ಒಂದು ತುದಿ ಲೂನೆಡ್, ಇನ್ನೊಂದು ತುದಿ ನಾನು ಹಿಡಿದು ಮಡಿಸುತ್ತ ಹಾಡುತ್ತಿದ್ದೆವು. ಅವಳ ರಾಗ ಸಿಹಿ, ಸುಲಭ. ನನ್ನ ದನಿ ತಾನಾಗಿ ಅತ್ತ ಜಾರುತ್ತಿತ್ತು. ಜಾರಿತೋ, ಒಲೆಯ ಮುಂದಿದ್ದ ಅಮ್ಮನ ಮರದ ಸೌಟು ಟಕ್ಕೆಂದು ನನ್ನ ನೆತ್ತಿಗೆ.

"ಅವಳ ಬಾಲ ಹಿಡ್ಕೊಂಡು ಯಾಕೆ ಹೋಗ್ತೀಯೇ ನೆಸ್ಟ್? ನಿನ್ ದಾರೀಲಿ ನೀನ್ ನಡಿ!"

ಲೂನೆಡ್ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆಮೇಲೆ ನಾನು ಯಾವತ್ತೂ ಜಾರಲಿಲ್ಲ.

ನಮ್ಮೂರಿಗೇ ಒಂದು ಹಾಡಿತ್ತು. ಗಣಿಯ ಊಟದ ಕೋಣೆಯಲ್ಲಿ, ತಣ್ಣಗಾದ ಚಹಾ ಕುಡಿಯುತ್ತ, ನಮ್ಮೂರ ಗಣಿ ಆಳೊಬ್ಬ ಕಟ್ಟಿದ್ದು. ಅಪ್ಪನ ಅಪ್ಪನ ಕಾಲದ್ದು. ಕಟ್ಟಿದವನ ಜೊತೆ ಒಂದೇ ಬಂಡೆ ಹಂಚಿಕೊಂಡು ದುಡಿಯುತ್ತಿದ್ದವರೇ ಅದನ್ನು ಮೊದಲು ಹಾಡಿದವರು. ಯಾವ ಪುಸ್ತಕದಲ್ಲೂ ಅದು ಅಚ್ಚಾಗಲಿಲ್ಲ, ಪಕ್ಕದ ಕಣಿವೆಯವರಿಗೂ ಗೊತ್ತಿಲ್ಲ. ಆದರೆ ಬ್ರಿನ್ ಗರೆಗ್‌ನಲ್ಲಿ ಆ ಹಾಡಿಲ್ಲದೆ ಯಾರನ್ನೂ ಮಣ್ಣು ಮಾಡಿದ್ದಿಲ್ಲ. ಗುಡ್ಡದ ಹಾಗೆ ಪೇರಿಸಿದ ಒಡಕು ಕಲ್ಲಿನ ರಾಶಿಗಳ ಎದುರು, ಸ್ಮಶಾನದಲ್ಲಿ ನಿಂತು ಊರಿಗೆ ಊರೇ ಹಾಡಿದರೆ ಕಲ್ಲು ಸಹ ಕಿವಿಗೊಡಬೇಕು.

ಲೂನೆಡ್ ಹತ್ತೊಂಬತ್ತಕ್ಕೆ ನರ್ಸ್ ಕೆಲಸ ಕಲಿಯಲು ಲಿವರ್‌ಪೂಲಿಗೆ ಹೋದಳು. ಅಲ್ಲೇ ಇಂಗ್ಲಿಷ್ ಮಾತಾಡುವ ಬಸ್ ಡ್ರೈವರನ್ನು ಮದುವೆಯಾದಳು. ಮೊದಮೊದಲು ವಾರಕ್ಕೊಂದು ಕಾಗದ, ಆಮೇಲೆ ತಿಂಗಳಿಗೊಂದು, ಆಮೇಲೆ ಕ್ರಿಸ್ಮಸ್ಸಿಗೊಂದು. ಗಣಿ ಮುಚ್ಚಿದಾಗ ಬರಲಿಲ್ಲ. ಅಪ್ಪ ಹೋದಾಗ ಬಂದಳು. ಅಮ್ಮ ಹೋದಾಗ ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿ ಆಲಿಸನ್‌ಗೆ ನಮ್ಮ ಮಾತು ಒಂದಕ್ಷರ ಬಾರದು. ಕಾರಿನಿಂದ ಇಳಿಯದೆ ಏನೋ ಆಟ ಆಡುತ್ತಿತ್ತು.

ಅಂದು ಹೊರಡುವ ಮುಂಚೆ ಲೂನೆಡ್ ಬಾಗಿಲಲ್ಲಿ ನಿಂತು ಹೇಳಿದಳು, "ಒಬ್ಬಳೇ ಹೇಗಿರ್ತೀಯೇ? ನನ್ ಜೊತೆ ಬಂದ್ಬಿಡು."

"ಬಂದು? ನಿನ್ ಮನೇಲಿ ನಾನು ಯಾವ ಭಾಷೇಲಿ ಅಳಲಿ?" ಎಂದೆ.

ಅವಳ ಮುಖ ಕಪ್ಪಿಟ್ಟಿತು. ಹೇಳಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿರಲಿಲ್ಲ. ಮಗಳಿಗೆ ತಾಯಿಯ ಮಾತನ್ನೇ ಕಲಿಸದವಳು ನಮ್ಮನ್ನೆಲ್ಲ ಮರೆತೇ ಬಿಟ್ಟಿದ್ದಾಳೆ ಎಂದು ಅಂದೇ ತೀರ್ಮಾನ ಮಾಡಿಬಿಟ್ಟೆ. ಆಮೇಲಿನ ವರ್ಷಗಳೆಲ್ಲ ಕ್ರಿಸ್ಮಸ್ ಕಾರ್ಡಿನಲ್ಲೇ ಕಳೆದವು. ನನ್ನದು ಒಂಟಿ ಬಾಳು. ಶಾಲೆಯ ಅಡುಗೆಮನೆಯಲ್ಲಿ ದುಡಿದೆ, ನಿವೃತ್ತಳಾದೆ, ರೇಡಿಯೋ ಜೊತೆ ಜಗಳವಾಡುತ್ತ ಊಟ ಮಾಡಿದೆ. ಚಾಪೆಲನ್ನೂ ಮಾರಿದರು. ಈಗ ಅದು ಬೆಟ್ಟ ಹತ್ತಲು ಬರುವವರಿಗೆ ಬಾಡಿಗೆ ಮನೆ. ಹಾಡು ಎತ್ತಿಕೊಡುವವರು ನಿಲ್ಲುತ್ತಿದ್ದ ಜಾಗದಲ್ಲಿ ಫ್ರಿಜ್ಜಿದೆ.

ಹೋದ ಮಾರ್ಚಿನಲ್ಲಿ ಫೋನು ಬಂತು. ಆಲಿಸನ್. ಇಂಗ್ಲಿಷಿನಲ್ಲಿ, ತುಂಬ ಮೆತ್ತಗೆ.

"ಚಿಕ್ಕಮ್ಮ, ಅಮ್ಮ ಹೋಗ್ಬಿಟ್ರು. ನಿಮ್ಮೂರಲ್ಲೇ, ಅಜ್ಜ ಅಜ್ಜಿ ಪಕ್ಕದಲ್ಲೇ ಮಣ್ಣು ಮಾಡ್ಬೇಕು ಅಂದಿದ್ರು. ಇನ್ನೊಂದು... ಅಲ್ಲಿ ಊರಿನ ಹಾಡು ಹಾಡ್ಬೇಕಂತೆ. 'ನೆಸ್ಟ್‌ಗೆ ಗೊತ್ತು, ಅವಳು ನೋಡ್ಕೋತಾಳೆ' ಅಂದ್ರು."

ಫೋನಿಟ್ಟು ಕುಳಿತೆ. ಅಳು ಬರಲಿಲ್ಲ, ಸಿಟ್ಟು ಬಂತು. ಬದುಕಿದ್ದಾಗ ಬಾರದವಳು ಸತ್ತ ಮೇಲೆ ಬರುತ್ತಾಳಂತೆ, ಹಾಡೂ ಬೇಕಂತೆ. ಸಿಟ್ಟು ಇಳಿದ ಮೇಲೆ ಇನ್ನೊಂದು ಹೊಳೆಯಿತು. ಜೀವಮಾನದಲ್ಲಿ ಲೂನೆಡ್ ತನಗಾಗಿ ನನ್ನಿಂದ ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ಮಾಡದಿದ್ದರೆ ನಾನು ಅವಳಿಗೆ ಏನೂ ಅಲ್ಲ ಎಂದಾಗುತ್ತದೆ. ಹಾಡಿಸುತ್ತೇನೆ ಎಂದುಕೊಂಡು ಎದ್ದೆ. ಚಹಾಕ್ಕೆ ನೀರಿಡುತ್ತ ಹಾಡು ಎತ್ತಿಕೊಂಡೆ. ಆಗ ಗೊತ್ತಾಯಿತು ನನ್ನ ಪಾಡು.

ನನಗೆ ರಾಗ ಬಾರದು!

ಕಿವಿಯಲ್ಲಿ ಇದೆ. ಲೂನೆಡ್‌ಳ ಕಂಠದಲ್ಲೇ ಇದೆ. ಆದರೆ ನಾಲಿಗೆಗೆ ತಂದರೆ ನಾಲ್ಕು ಹೆಜ್ಜೆಗೆ ಎರಡನೇ ದನಿಗೆ ಇಳಿದುಬಿಡುತ್ತದೆ. ಮತ್ತೆ ಹತ್ತಿಸುತ್ತೇನೆ, ಮತ್ತೆ ಇಳಿಯುತ್ತದೆ. ನೆತ್ತಿಯ ಮೇಲೆ ಸೌಟಿನ ಏಟು ತಿಂದು ಕಲಿತದ್ದು ಎಲ್ಲಿ ಹೋದೀತು? ಎರಡನೇ ದನಿಯನ್ನು ಒಂದೇ ಕೇಳಿದರೆ ಅದು ಹಾಡೇ ಅಲ್ಲ. ಎರಡು ಮೂರು ಸ್ವರಗಳ ಮೇಲೆ ಹೋಗಿ ಬಂದು ಮಾಡುತ್ತಿರುತ್ತದೆ, ಯಾರನ್ನೋ ಕಾಯುತ್ತ ಬಾಗಿಲಲ್ಲಿ ನಿಂತವರ ಹಾಗೆ. ಅಡುಗೆಮನೆಯಲ್ಲಿ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಅಷ್ಟು ಒಂಟಿತನ ಅಮ್ಮ ಹೋದಾಗಲೂ ಅನಿಸಿರಲಿಲ್ಲ.

ರಾಗ ಎತ್ತಿಕೊಡುವವರನ್ನು ಹುಡುಕಿ ಹೊರಟೆ. ಮೊದಲು ಇದ್ವಲ್ ಹತ್ತಿರ. ಗಣಿಯ ಇಳಿಜಾರಿನಲ್ಲಿ ಕಲ್ಲಿನ ಗಾಡಿಗಳಿಗೆ ಬ್ರೇಕು ಹಿಡಿಯುತ್ತಿದ್ದವನು, ಹಾಗಾಗಿ ಊರಿಗೆಲ್ಲ ಇದ್ವಲ್ ಬ್ರೇಕು. ಈಗ ಪೇಟೆಯ ವೃದ್ಧಾಶ್ರಮದಲ್ಲಿ ಗಾಲಿಕುರ್ಚಿಯ ಮೇಲೆ ಕೂತು ನರ್ಸುಗಳಿಗೆ ಬೈಯುತ್ತಿರುತ್ತಾನೆ.

"ಇದ್ವಲಣ್ಣ, ಲೂನೆಡ್ ಹೋದ್ಲು. ಊರಿನ ಹಾಡು ಹಾಡ್ಬೇಕು. ರಾಗ ಎತ್ಕೊಡ್ತೀಯಾ?"

"ಅಯ್ಯೋ, ಆ ಹುಡುಗಿ," ಎಂದ. ಮತ್ತೆ, "ನಾನು ಮೂರು ಕಣೇ ತಾಯಿ. ಹುಟ್ಟಿದಾಗ್ಲಿಂದ ಮೂರು. ನನ್ ಹತ್ರ ರಾಗ ಎಲ್ಲಿಂದ ಬರ್ಬೇಕು?"

"ಒಂದ್ಸಲ ನೋಡು."

ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಎರಡು ಹೆಜ್ಜೆ ರಾಗ, ಆಮೇಲೆ ಪಕ್ಕಾ ಮೂರು. ಅವನಿಗೇ ನಗು ಬಂತು. "ನೋಡ್ದಾ? ಬ್ರೇಕು ಹಿಡಿಯೋಕೇ ಆಗ್ಲಿಲ್ಲ."

ಅಲ್ಲಿಂದ ಗೊರೊನ್ವಿಯ ಮನೆಗೆ. ಅವನು ಟಪಾಲು ಹಂಚುತ್ತಿದ್ದವನು, ನಾಲ್ಕನೇ ದನಿ. ಬಾಗಿಲು ತೆರೆದವನೇ, "ರಾಗಾನಾ? ನಾನಾ? ನನ್ ದನಿ ಕೇಳಿದ್ರೆ ಹಸು ಹಾಲ್ ಬತ್ಸುತ್ತೆ ಅಂತ ನಿಮ್ಮಮ್ಮಾನೇ ಅಂದಿದ್ಳಲ್ಲೇ," ಎಂದ.

"ತಮಾಷೆ ಬೇಡ ಗೊರೊನ್ವಿ. ಬೇರೆ ಯಾರಾದ್ರೂ ಇದ್ದಾರಾ ಹೇಳು."

ಇಬ್ಬರೂ ಕೂತು ಒಂದೊಂದೇ ಮನೆ ನೆನಪು ಮಾಡಿಕೊಂಡೆವು. ಮೇಲಿನ ಕೇರಿಯ ಅವಳು ಕೆನಡಾಕ್ಕೆ ಹೋದಳು. ಅಂಗಡಿಯವನ ಮಗಳು ಟೀಚರಾಗಿ ಲಂಡನ್ನಿಗೆ. ಸೇತುವೆಯ ಪಕ್ಕದ ಮನೆಯ ಅಕ್ಕತಂಗಿಯರು ಮದುವೆಯಾಗಿ ಹೋದರು. ಮೊದಲ ದನಿಯ ಹುಡುಗಿಯರಷ್ಟೂ ಹೋಗಿಬಿಟ್ಟಿದ್ದರು. ಊರಿನಲ್ಲಿ ಉಳಿದವರು ನಾವು ಎರಡು, ಮೂರು, ನಾಲ್ಕು. ಊಟವೇ ಇಲ್ಲದ ಮನೆಯಲ್ಲಿ ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ.

"ಹೋಗ್ಲಿ ಬಿಡೇ," ಎಂದ ಗೊರೊನ್ವಿ. "ಇರೋದನ್ನ ಹಾಡೋಣ. ಅವಳಿಗೆ ರಾಗ ಗೊತ್ತಿದೆಯಲ್ಲ. ಪೆಟ್ಟಿಗೆ ಒಳಗಿಂದ ಹಾಡ್ಕೋತಾಳೆ."

ಅವನಿಗೆ ಬೈಯಬೇಕೆನಿಸಿತು. ಬೈಯಲಿಲ್ಲ, ಹೇಳಿದ್ದು ಚೆನ್ನಾಗಿತ್ತು.

ಮಣ್ಣಿನ ದಿನ ಗಾಳಿ ಜೋರು. ಸ್ಮಶಾನದಲ್ಲಿ ಜನವೆಂದರೆ ಪೆಟ್ಟಿಗೆ ಹೊತ್ತವರು, ಏಳೂರಿನ ಚಾಪೆಲುಗಳನ್ನು ಒಬ್ಬಳೇ ನೋಡಿಕೊಳ್ಳುವ ಚಿಕ್ಕ ವಯಸ್ಸಿನ ಪಾದ್ರಿಣಿ, ಆಲಿಸನ್, ನಾನು. ಇದ್ವಲ್‌ನ ಗಾಲಿಕುರ್ಚಿಯನ್ನು ಗೊರೊನ್ವಿ ಏದುಸಿರು ಬಿಡುತ್ತ ತಳ್ಳಿಕೊಂಡು ಬಂದ. ಆಲಿಸನ್‌ಗೆ ಈಗ ಐವತ್ತರ ಹತ್ತಿರ. ಲೂನೆಡ್‌ಳ ಹಣೆ, ಬೇರೆ ಯಾರದೋ ಮೂಗು. ನನ್ನ ಪಕ್ಕ ನಿಂತಳು, ಕೈ ಹಿಡಿಯಲೋ ಬೇಡವೋ ಎಂದು ಅನುಮಾನಿಸಿ ತನ್ನ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಳು. ಅಪ್ಪ ಅಮ್ಮನ ಹೆಸರಿದ್ದ ಸಮಾಧಿಯ ಸ್ಲೇಟುಕಲ್ಲನ್ನು ಒರಗಿಸಿ ಪಕ್ಕಕ್ಕಿಟ್ಟಿದ್ದರು.

ಪಾದ್ರಿಣಿ ಪ್ರಾರ್ಥನೆ ಮುಗಿಸಿ ನನ್ನ ಮುಖ ನೋಡಿದಳು. ಗೊರೊನ್ವಿ ಗಂಟಲಲ್ಲೇ ಶ್ರುತಿ ಹಿಡಿದ. ಮೂವರೂ ಹಾಡಿದೆವು. ಮುಕ್ಕಾಲಿಯ ಮೂರು ಕಾಲೂ ನೆಟ್ಟಗಿವೆ, ಮೇಲಿನ ಹಲಗೆಯೇ ಇಲ್ಲ. ನಮ್ಮ ಕಿವಿಯಲ್ಲಿ ರಾಗ ಇತ್ತು, ಹಾಗಾಗಿ ನಮಗೆ ಅದು ಹಾಡು. ಪಾದ್ರಿಣಿ ಮಾತ್ರ ನಾವು ಯಾವಾಗ ಶುರುಮಾಡುತ್ತೇವೋ ಎನ್ನುವಂತೆ ನೋಡುತ್ತಿದ್ದಳು.

ಮೂರನೇ ಸಾಲು ಬಂತು. ಕಟ್ಟಿದವನು ಏನು ನೆನೆದು ಕಟ್ಟಿದನೋ, ಆ ಸಾಲಿನಲ್ಲಿ ಉಳಿದ ಮೂರೂ ದನಿಗಳು ಬಾಯಿ ಮುಚ್ಚಿ ನಿಲ್ಲುತ್ತವೆ, ಎರಡನೆಯದೊಂದೇ ಹಾಡುತ್ತದೆ. ಮುಂಚೆ ಅಲ್ಲಿ ನಾವು ಹದಿನೈದು ಇಪ್ಪತ್ತು ಹೆಂಗಸರು ಇರುತ್ತಿದ್ದೆವು. ಅಂದು ಇದ್ವಲ್, ಗೊರೊನ್ವಿ ಸುಮ್ಮನಾದರು, ಬರಿಯ ಗಾಳಿ, ನಡುವೆ ನನ್ನ ಮುದಿ ಕಂಠ. ಸಾಲಿನ ಕೊನೆಗೆ ಅದೂ ಒಡೆಯಿತು. ಹೇಗೋ ಮುಗಿಸಿದೆವು. ಲೂನೆಡ್‌ಳನ್ನು ಕೆಳಗಿಳಿಸಿದರು.

ಮನೆಗೆ ಬಂದು ಹಂದಿಮಾಂಸದ ತುಂಡು, ಬೆಣ್ಣೆ ಹಚ್ಚಿದ ಒಣದ್ರಾಕ್ಷಿ ಬ್ರೆಡ್ಡು, ಚಹಾ ಕೊಟ್ಟೆ. ಇದ್ವಲ್ ಮೂರು ಸಲ ಹಾಕಿಸಿಕೊಂಡು ತಿಂದು, "ನಿನ್ ಸಾವಿಗೆ ಇಷ್ಟು ಚೆನ್ನಾಗ್ ಯಾರ್ ಮಾಡ್ತಾರೇ?" ಎಂದು ಕೇಳಿ ಹೋದ. ಎಲ್ಲರೂ ಹೋದ ಮೇಲೂ ಆಲಿಸನ್ ಉಳಿದಳು. ಕೋಟು ಬಿಚ್ಚಿಟ್ಟು ತೋಳು ಮಡಿಸಿ ತಟ್ಟೆ ತೊಳೆಯಲು ನಿಂತಳು. ನಾನು ಒರೆಸಿ ಇಡುತ್ತಿದ್ದೆ.

ಕೊನೆಗೆ ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಇಷ್ಟು ಕಷ್ಟಪಟ್ಟಿದ್ದೀರಿ. ಆದ್ರೆ ಅಮ್ಮ ಕೇಳಿದ್ದು ಆ ಹಾಡಲ್ಲ."

"ಅದೇ ಹಾಡಮ್ಮ."

"ಅಲ್ಲ. ನಂಗೊತ್ತು ಅದು. ದಿನಾ ಹಾಡ್ತಿದ್ರು. ಇಸ್ತ್ರಿ ಮಾಡುವಾಗ, ಅಪ್ಪನ್ನ ಕಾಯ್ತಾ ಕೂತಾಗ. ಕೊನೇ ವಾರ ಆಸ್ಪತ್ರೇಲೂ."

ದಿನಾ? ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. "ಎಲ್ಲಿ, ಹಾಡು ನೋಡೋಣ," ಎಂದೆ.

"ಪದ ನಂಗ್ ಬರಲ್ಲ."

"ಪದ ಬೇಡ."

ಅವಳು ನಾಚಿಕೊಂಡು, ನೀರಿನೊಳಗೆ ಕೈಯಿಟ್ಟುಕೊಂಡೇ, ಬರೀ 'ಲಾ ಲಾ' ಎಂದು ಶುರುಮಾಡಿದಳು. ರಾಗ! ಅದೇ ರಾಗ, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ ನಾನು. ಒಂದು ಮಾತು ಕೇಳಿದ್ದರೆ ಅವಳೇ ಎತ್ತಿಕೊಡುತ್ತಿದ್ದಳು. ನಮ್ಮ ಭಾಷೆ ಬಾರದವಳಿಗೆ ನಮ್ಮ ಹಾಡು ಬಂದೀತೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ನಾಲಿಗೆ ಸುಮ್ಮನಿರಲಿಲ್ಲ, ಜೊತೆ ಸೇರಿಕೊಂಡೆ. ಅವಳು ತಡವರಿಸಿ ನಿಲ್ಲಿಸಿಬಿಟ್ಟಳು.

"ನೀವು ಬೇರೆ ಏನೋ ಹಾಡಿದ್ರೆ ನಂಗೆ ತಪ್ಪಿಹೋಗತ್ತೆ ಚಿಕ್ಕಮ್ಮ. ಇದರ ಜೊತೆ ಯಾರೂ ಹಾಡಿದ್ದೇ ಕೇಳಿಲ್ಲ ನಾನು."

ಬಾಯಿ ಮುಚ್ಚಿಕೊಂಡೆ. ಅವಳು ಮೊದಲಿನಿಂದ ಎತ್ತಿಕೊಂಡಳು. ಒಂದನೇ ಸಾಲು, ಎರಡನೇ ಸಾಲು. ಆಮೇಲೆ ನಿಂತಿತು. ಅವಳು ತಟ್ಟೆ ಉಜ್ಜುತ್ತಲೇ ಇದ್ದಳು, ಗಲ್ಲ ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು. ಮರೆತಳು ಎಂದುಕೊಂಡೆ. ಅಷ್ಟರಲ್ಲಿ ನಾಲ್ಕನೇ ಸಾಲನ್ನು ತಾಳಕ್ಕೆ ಸರಿಯಾಗಿ ಎತ್ತಿಕೊಂಡು ಮುಗಿಸಿದಳು.

"ಮಧ್ಯ ಯಾಕೆ ಬಿಟ್ಟೆ?" ಎಂದೆ.

"ಬಿಟ್ಟಿಲ್ಲ, ಅದು ಇರೋದೇ ಹಾಗೆ. ಅಮ್ಮ ಅಲ್ಲಿ ಸುಮ್ಮನಾಗ್ತಿದ್ರು, ಕಣ್ಣು ಮುಚ್ಕೊಂಡು. ಚಿಕ್ಕವಳಿದ್ದಾಗ ನಾನು ಅವಸರಕ್ಕೆ ಮುಂದಿನ ಸಾಲಿಗೆ ಹೋದ್ರೆ ಕೈ ಮೇಲೆ ಒಂದು ಬೀಳ್ತಿತ್ತು. 'ಆರೋಸ್' ಅಂತಿದ್ರು. ನಿಮ್ಮ ಭಾಷೇಲಿ ನಂಗೆ ಬರೋದು ಅದೊಂದೇ ಮಾತು. ಹಂಗಂದ್ರೆ 'ತಾಳು' ಅಂತ ಅಲ್ವಾ?"

"ಹೌದು," ಎಂದೆ. "ತಾಳು ಅಂತ."

ಲಿವರ್‌ಪೂಲಿನ ಯಾವುದೋ ಓಣಿಯಲ್ಲಿ, ಬಸ್ ಡ್ರೈವರನ ಮನೆಯ ಅಡುಗೆಮನೆಯಲ್ಲಿ, ಕೇಳುವವರಿಲ್ಲದೆ ಲೂನೆಡ್ ಜೀವಮಾನವಿಡೀ ಈ ಹಾಡು ಹಾಡಿದ್ದಳು. ಹಾಡುವಾಗೆಲ್ಲ ನನ್ನ ಸಾಲಿನಲ್ಲಿ ಬಾಯಿ ಮುಚ್ಚಿ ನಿಂತಿದ್ದಳು. ನಾನು ಹಾಡಿ ಮುಗಿಸುವಷ್ಟು ಹೊತ್ತು, ಒಂದು ಗಳಿಗೆ ಹೆಚ್ಚಿಲ್ಲ, ಒಂದು ಗಳಿಗೆ ಕಮ್ಮಿಯಿಲ್ಲ. ನಾನಿಲ್ಲಿ ಅವಳು ನಮ್ಮನ್ನು ಮರೆತಳೆಂದು ಕಾರ್ಡಿನ ಮೇಲೆ ಹೆಸರು ಗೀಚಿ ಕಳಿಸುತ್ತಿದ್ದೆ. ಈಗ ಅಳು ಬಂತು. ತಡೆಯಲು ಹೋಗಲಿಲ್ಲ, ಬಟ್ಟೆ ಕೆಳಗಿಟ್ಟು ಕುರ್ಚಿಯ ಮೇಲೆ ಕೂತು ಅತ್ತೆ. ಆಲಿಸನ್ ಗಾಬರಿಯಾಗಿ ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದಳು.

"ಇನ್ನೊಂದ್ಸಲ ಹಾಡಮ್ಮ," ಎಂದೆ. "ಅಲ್ಲಿ ಬಂದಾಗ ನಿಲ್ಲು. ನಿಮ್ಮಮ್ಮ ನಿಲ್ತಿದ್ದ ಹಾಗೆ."

ಅವಳು ಹಾಡಿದಳು. ಮೊದಲೆರಡು ಸಾಲು ನಾನು ತುಟಿ ಬಿಚ್ಚಲಿಲ್ಲ. ಅವಳು ನಿಂತಳು. ನಾನು ಮೂರನೇ ಸಾಲು ಎತ್ತಿಕೊಂಡು, ಪದ ಸಮೇತ, ಒಡೆಯದೆ, ಕೊನೆಯವರೆಗೆ ಹಾಡಿದೆ.

ಆಲಿಸನ್ ನಾಲ್ಕನೇ ಸಾಲು ಎತ್ತಿಕೊಳ್ಳಲೇ ಇಲ್ಲ. ಬೆಪ್ಪಾಗಿ ನನ್ನ ಮುಖ ನೋಡುತ್ತಿದ್ದಳು.

"ಅಲ್ಲಿ ಏನೂ ಇಲ್ಲ ಅಂದ್ಕೊಂಡಿದ್ದೆ ಚಿಕ್ಕಮ್ಮ," ಎಂದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮ," ಎಂದೆ.